ಅಪ್‌ಡೇಟ್ ಎಂಬ ಕಿರಿಕಿರಿ: 'ಆಮೇಲೆ ನೆನಪಿಸು' ಎನ್ನುವ ಮುನ್ನ

ಕರೆಂಟ್ ಬಿಲ್ ಕಟ್ಟೋಣವೆಂದೋ ಮಕ್ಕಳ ಪ್ರಾಜೆಕ್ಟ್ ಪ್ರಿಂಟ್ ತೆಗೆಯೋಣವೆಂದೋ ಅವಸರದಲ್ಲಿ ಕಂಪ್ಯೂಟರ್ ಮುಂದೆ ಕೂತಾಗಲೇ ಪರದೆಯ ಮೂಲೆಯಲ್ಲಿ ಆ ಸಂದೇಶ ಇಣುಕುತ್ತದೆ: 'ಅಪ್‌ಡೇಟ್ ಸಿದ್ಧವಾಗಿದೆ, ರೀಸ್ಟಾರ್ಟ್ ಮಾಡಿ'. ನಮ್ಮಲ್ಲಿ ಬಹುತೇಕರ ಕೈ ತಾನಾಗಿ 'ಆಮೇಲೆ ನೆನಪಿಸು' ಎಂಬ ಗುಂಡಿಯತ್ತ ಹೋಗುತ್ತದೆ. ಹಾಗೆ ಮುಂದೂಡಿದ ಅಪ್‌ಡೇಟ್ ಕೆಲವೊಮ್ಮೆ ವಾರಗಟ್ಟಲೆ, ಕೆಲವರ ಮನೆಯಲ್ಲಿ ವರ್ಷಗಟ್ಟಲೆ, ಹಾಗೆಯೇ ಉಳಿದಿರುತ್ತದೆ. ಕಂಪ್ಯೂಟರ್ ಮಾತ್ರ ಮೊದಲಿನಂತೆಯೇ ನಡೆಯುತ್ತಿರುತ್ತದೆ. ಹಾಗಿದ್ದ ಮೇಲೆ ಅದು ಬೇಕೇಬೇಕೇ? ಹಾಕಿದರೆ ಯಂತ್ರ ನಿಧಾನವಾಗುತ್ತದೆ ಅನ್ನುತ್ತಾರಲ್ಲ? ಆಂಟಿವೈರಸ್ ಇದ್ದರೆ ಸಾಲದೇ?

ಈ ಪ್ರಶ್ನೆಗಳಿಗೆ ಉತ್ತರ ಹುಡುಕುವ ಮೊದಲು ಒಂದು ವಿಷಯ ತಿಳಿದಿರಬೇಕು. ಅದು ಅನೇಕರಿಗೆ ಹೊಸದೆನಿಸಬಹುದು: ಭದ್ರತಾ ಅಪ್‌ಡೇಟ್ ಬಿಡುಗಡೆಯಾದ ದಿನದಿಂದ, ಅದನ್ನು ಹಾಕಿಕೊಳ್ಳದ ಕಂಪ್ಯೂಟರ್‌ಗೆ ಇರುವ ಅಪಾಯ ಮೊದಲಿಗಿಂತ ಹೆಚ್ಚಾಗುತ್ತದೆ.

ಬೀಗದ ಕಂಪನಿಯ ಪ್ರಕಟಣೆ

ನಿಮ್ಮ ಮನೆಯ ಬಾಗಿಲಿಗೆ ಒಂದು ಹೆಸರಾಂತ ಕಂಪನಿಯ ಬೀಗವಿದೆ ಎಂದುಕೊಳ್ಳಿ. ಅದೇ ಮಾದರಿಯ ಬೀಗ ಊರಿನ ಅರ್ಧ ಮನೆಗಳಲ್ಲಿದೆ. ಒಂದು ದಿನ ಕಂಪನಿಯವರು ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ: 'ಈ ಮಾದರಿಯ ಬೀಗದಲ್ಲಿ ದೋಷ ಪತ್ತೆಯಾಗಿದೆ. ಹತ್ತಿರದ ಅಂಗಡಿಗೆ ಬಂದರೆ ಒಳಗಿನ ಒಂದು ಭಾಗವನ್ನು ಉಚಿತವಾಗಿ ಬದಲಿಸಿಕೊಡುತ್ತೇವೆ.' ಈ ಪ್ರಕಟಣೆಯನ್ನು ಮನೆಯವರು ಓದುತ್ತಾರೆ, ಕಳ್ಳರೂ ಓದುತ್ತಾರೆ. ಕಳ್ಳ ಏನು ಮಾಡುತ್ತಾನೆ? ಹಳೆಯ ಬೀಗವೊಂದನ್ನೂ ರಿಪೇರಿಯಾದ ಬೀಗವೊಂದನ್ನೂ ತಂದು ಎರಡನ್ನೂ ಬಿಚ್ಚಿ ಪಕ್ಕಪಕ್ಕದಲ್ಲಿಟ್ಟು ನೋಡುತ್ತಾನೆ. ಯಾವ ಭಾಗ ಬದಲಾಗಿದೆ ಎಂದು ತಿಳಿದರೆ ದೋಷ ಎಲ್ಲಿತ್ತೆಂದು ತಿಳಿದಂತೆಯೇ. ಇನ್ನು ಅವನಿಗೆ ಬೇಕಾಗಿರುವುದು ಅಂಗಡಿಗೆ ಹೋಗಲು ಸೋಮಾರಿತನ ಮಾಡಿದ ಮನೆಗಳು ಮಾತ್ರ.

ತಂತ್ರಾಂಶ ಲೋಕದಲ್ಲಿ ನಡೆಯುವುದೂ ಇದೇ. ಅಪ್‌ಡೇಟ್‌ಗೆ ಮುಂಚಿನ ಕಡತವನ್ನೂ ನಂತರದ ಕಡತವನ್ನೂ ಹೋಲಿಸಿ ದೋಷದ ಜಾಗ ಕಂಡುಹಿಡಿಯುವುದು ಭದ್ರತಾ ತಜ್ಞರಿಗೂ ಗೊತ್ತು, ದುಷ್ಕರ್ಮಿಗಳಿಗೂ ಗೊತ್ತು. ಮೈಕ್ರೋಸಾಫ್ಟ್ ಸಂಸ್ಥೆ 2003ರ ಅಕ್ಟೋಬರ್‌ನಿಂದ ಪ್ರತಿ ತಿಂಗಳ ಎರಡನೆಯ ಮಂಗಳವಾರ ತನ್ನ ಭದ್ರತಾ ಅಪ್‌ಡೇಟ್‌ಗಳನ್ನು ಒಟ್ಟಾಗಿ ಬಿಡುಗಡೆ ಮಾಡುತ್ತಾ ಬಂದಿದೆ. ಇದಕ್ಕೆ 'ಪ್ಯಾಚ್ ಟ್ಯೂಸ್‌ಡೇ' ಎಂಬ ಹೆಸರೇ ಬಿದ್ದಿದೆ. ಅದರ ಬೆನ್ನಿಗೇ ಬರುವ ದಿನವನ್ನು ತಂತ್ರಜ್ಞರು ತಮಾಷೆಯಾಗಿ 'ಎಕ್ಸ್‌ಪ್ಲಾಯ್ಟ್ ವೆಡ್ನೆಸ್‌ಡೇ', ಅಂದರೆ ದಾಳಿಯ ಬುಧವಾರ, ಎನ್ನುತ್ತಾರೆ. ಅಮೆರಿಕದ ಪಶ್ಚಿಮ ಕರಾವಳಿಯ ಬೆಳಗಿನ ಹತ್ತು ಗಂಟೆ ನಮ್ಮಲ್ಲಿ ಋತುಮಾನಕ್ಕೆ ತಕ್ಕಂತೆ ರಾತ್ರಿ ಹತ್ತೂವರೆ ಅಥವಾ ಹನ್ನೊಂದೂವರೆ ಆಗುವುದರಿಂದ, ನಮ್ಮ ಕಂಪ್ಯೂಟರ್‌ಗಳಲ್ಲಿ ಆ ಸಂದೇಶ ಸಾಮಾನ್ಯವಾಗಿ ಕಾಣುವುದೂ ಬುಧವಾರ ಅಥವಾ ಅದರ ನಂತರವೇ.

ದೋಷ ಅಂದರೆ ನಿಜಕ್ಕೂ ಏನು?

ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆ ಎಂದು ಹೆಸರು. ವಿಂಡೋಸ್, ಮ್ಯಾಕ್‌ಓಎಸ್, ಉಬುಂಟು ಎಲ್ಲವೂ ಅವೇ. ಕೋಟಿಗಟ್ಟಲೆ ಸಾಲುಗಳಿರುವ ಈ ತಂತ್ರಾಂಶಗಳನ್ನು ಬರೆದವರು ಮನುಷ್ಯರು, ಅದೂ ದಶಕಗಳ ಅವಧಿಯಲ್ಲಿ. ತಪ್ಪು ನುಸುಳುವುದು ಸಹಜ. ಅವುಗಳಲ್ಲಿ ಬಹುಪಾಲು ನಿರುಪದ್ರವಿ. ಗುಂಡಿ ಒತ್ತಿದರೆ ಕೆಲಸ ಮಾಡದಿರುವುದು, ಅಕ್ಷರ ಓರೆಯಾಗಿ ಕಾಣುವುದು ಇತ್ಯಾದಿ. ಆದರೆ ಕೆಲವು ತಪ್ಪುಗಳು ಹೊರಗಿನವರಿಗೆ ಒಳಬರುವ ದಾರಿಯಾಗಿಬಿಡುತ್ತವೆ.

ಇಂತಹ ತಪ್ಪುಗಳಲ್ಲಿ ಹೆಚ್ಚಿನವು ಮೆಮೊರಿಗೆ ಸಂಬಂಧಿಸಿದವು. ಪಾವು ಅಕ್ಕಿ ಹಿಡಿಯುವ ಡಬ್ಬಿಗೆ ಸೇರು ಅಕ್ಕಿ ಸುರಿದರೆ ಏನಾಗುತ್ತದೆ? ಚೆಲ್ಲಿದ ಅಕ್ಕಿ ಪಕ್ಕದ ಡಬ್ಬಿಗೂ ಬೀಳುತ್ತದೆ. ತಂತ್ರಾಂಶವೂ ಹಾಗೆಯೇ. ಹೊರಗಿನಿಂದ ಬರುವ ಮಾಹಿತಿಗೆಂದು ಇಷ್ಟು ಜಾಗ ಎಂದು ತೆಗೆದಿಟ್ಟಿರುತ್ತದೆ. ಬಂದದ್ದು ಅದಕ್ಕಿಂತ ಹೆಚ್ಚಿದ್ದು, ಅಳತೆ ನೋಡುವ ಲೆಕ್ಕದಲ್ಲೇ ತಪ್ಪಿದ್ದರೆ, ಹೆಚ್ಚಾದ ಮಾಹಿತಿ ಪಕ್ಕದ ಜಾಗದ ಮೇಲೆ ಬರೆದುಬಿಡುತ್ತದೆ. ಚೆಲ್ಲುವ ಮಾಹಿತಿಯನ್ನು ಜಾಣತನದಿಂದ ಸಿದ್ಧಪಡಿಸಿದ್ದರೆ ಅದೇ ಕಂಪ್ಯೂಟರಿಗೆ ಆದೇಶವಾಗಿ ಕೆಲಸ ಮಾಡುತ್ತದೆ! ತನ್ನ ಉತ್ಪನ್ನಗಳಲ್ಲಿ ಪ್ರತಿವರ್ಷ ಸರಿಪಡಿಸುವ ಭದ್ರತಾ ದೋಷಗಳ ಪೈಕಿ ಸುಮಾರು ಶೇಕಡಾ 70ರಷ್ಟು ಇಂತಹ ಮೆಮೊರಿ ತಪ್ಪುಗಳೇ ಎಂದು ಮೈಕ್ರೋಸಾಫ್ಟ್‌ನ ತಂತ್ರಜ್ಞರು 2019ರಲ್ಲಿ ಹೇಳಿದ್ದರು.

ಭದ್ರತಾ ಅಪ್‌ಡೇಟ್ ಮಾಡುವುದು ಇಷ್ಟೇ: ಆ ಲೆಕ್ಕವನ್ನು ಸರಿಪಡಿಸಿ, ತಪ್ಪಿದ್ದ ಕಡತದ ಬದಲು ಹೊಸ ಕಡತವನ್ನು ಇಡುತ್ತದೆ. ಹರಿದ ಬಟ್ಟೆಗೆ ಹಾಕುವ ತೇಪೆಯ ಹಾಗೆ. ಅದಕ್ಕೇ ಇಂಗ್ಲಿಷಿನಲ್ಲೂ ಇದನ್ನು 'ಪ್ಯಾಚ್' ಎನ್ನುವುದು.

ಇಲ್ಲಿಯೇ ಆಂಟಿವೈರಸ್ ಪ್ರಶ್ನೆಗೂ ಉತ್ತರವಿದೆ. ಆಂಟಿವೈರಸ್ ಕಾವಲುಗಾರನಿದ್ದಂತೆ. ಒಳಬಂದ ಕಡತ, ನಡೆಯುತ್ತಿರುವ ಕೆಲಸ ಅನುಮಾನಾಸ್ಪದವಾಗಿದ್ದರೆ ಹಿಡಿಯುತ್ತದೆ. ಗೋಡೆಯಲ್ಲಿರುವ ಕನ್ನವನ್ನು ಮುಚ್ಚುವುದು ಅದರ ಕೆಲಸವಲ್ಲ. ಕಾರ್ಯಾಚರಣ ವ್ಯವಸ್ಥೆಯ ಆಳದಲ್ಲೇ ದೋಷವಿದ್ದರೆ ಕಾವಲುಗಾರನನ್ನೇ ಮಲಗಿಸಿ ಮುಂದೆ ಹೋಗುವ ದಾರಿಯೂ ದಾಳಿಕೋರರಿಗೆ ಸಿಗಬಹುದು.

59 ದಿನಗಳ ಕಥೆ

ಮುಂದೂಡುವುದರ ಬೆಲೆ ಏನೆಂದು ತಿಳಿಯಲು 2017ನೇ ಇಸವಿಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಆ ವರ್ಷದ ಮಾರ್ಚ್ 14ರಂದು ಮೈಕ್ರೋಸಾಫ್ಟ್ 'ಎಂಎಸ್17-010' ಎಂಬ ಭದ್ರತಾ ಅಪ್‌ಡೇಟನ್ನು ಬಿಡುಗಡೆ ಮಾಡಿತು. ಒಂದು ಕಂಪ್ಯೂಟರ್‌ನ ಕಡತಗಳನ್ನು ಇನ್ನೊಂದರ ಜೊತೆ ಹಂಚಿಕೊಳ್ಳಲು ವಿಂಡೋಸ್ ಬಳಸುತ್ತಿದ್ದ ಹಳೆಯ ವ್ಯವಸ್ಥೆಯೊಂದರಲ್ಲಿದ್ದ ದೋಷವನ್ನು ಅದು ಸರಿಪಡಿಸುತ್ತಿತ್ತು. ನಾವು ಮೇಲೆ ಹೇಳಿದ ಪಾವು-ಸೇರಿನ ಲೆಕ್ಕದ ತಪ್ಪೇ ಅದು: ದೊಡ್ಡ ಸಂಖ್ಯೆಯನ್ನು ಚಿಕ್ಕ ಅಂಕಣದಲ್ಲಿ ಬರೆದುಕೊಂಡು ಅಳತೆ ತಪ್ಪಿಸಿಕೊಳ್ಳುವುದು. ಈ ದೋಷ ಅಮೆರಿಕದ ರಾಷ್ಟ್ರೀಯ ಭದ್ರತಾ ಏಜೆನ್ಸಿಗೆ ಮೊದಲೇ ಗೊತ್ತಿತ್ತು. ಅದನ್ನು ಬಳಸಿಕೊಳ್ಳಲು ಅವರು 'ಎಟರ್ನಲ್‌ಬ್ಲೂ' ಎಂಬ ಸಾಧನವನ್ನೂ ರೂಪಿಸಿಟ್ಟುಕೊಂಡಿದ್ದರು. ಏಪ್ರಿಲ್ 14ರಂದು 'ಶ್ಯಾಡೋ ಬ್ರೋಕರ್ಸ್' ಎಂದು ಕರೆದುಕೊಳ್ಳುವ ಗುಂಪೊಂದು ಆ ಸಾಧನವನ್ನು ಅಂತರಜಾಲದಲ್ಲಿ ಬಹಿರಂಗಪಡಿಸಿತು. ಈಗ ಕೀಲಿಕೈ ಯಾರಿಗೆ ಬೇಕಾದರೂ ಸಿಗುವಂತಾಯಿತು.

ಮೇ 12, ಶುಕ್ರವಾರ. 'ವನ್ನಾಕ್ರೈ' ಎಂಬ ಕುತಂತ್ರಾಂಶ ಹರಡತೊಡಗಿತು. ಹೊಕ್ಕ ಕಂಪ್ಯೂಟರಿನ ಕಡತಗಳನ್ನೆಲ್ಲ ಗೂಢಲಿಪೀಕರಿಸಿ, ಬಿಡಿಸಿಕೊಡಲು 300 ಡಾಲರ್ ಬೆಲೆಯ ಬಿಟ್‌ಕಾಯಿನ್ ಕೇಳುವುದು ಅದರ ಕೆಲಸ. ಯಾರೂ ಏನನ್ನೂ ಕ್ಲಿಕ್ ಮಾಡಬೇಕಿರಲಿಲ್ಲ. ಒಂದು ಕಂಪ್ಯೂಟರಿಗೆ ಬಂದರೆ ಅದೇ ಜಾಲದಲ್ಲಿದ್ದ, ತೇಪೆ ಹಾಕದ ಉಳಿದ ಕಂಪ್ಯೂಟರ್‌ಗಳನ್ನು ತಾನೇ ಹುಡುಕಿಕೊಂಡು ಹೋಗುತ್ತಿತ್ತು. ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ 2 ಲಕ್ಷಕ್ಕೂ ಹೆಚ್ಚು ಕಂಪ್ಯೂಟರ್‌ಗಳು ಅದಕ್ಕೆ ತುತ್ತಾದವು. ಮಾರ್ಚ್ 14ರಿಂದ ಮೇ 12ಕ್ಕೆ ಲೆಕ್ಕ ಹಾಕಿದರೆ 59 ದಿನ. ಅಷ್ಟೂ ದಿನ ಪರಿಹಾರ ಉಚಿತವಾಗಿ ಲಭ್ಯವಿತ್ತು.

ಹೆಚ್ಚು ಪೆಟ್ಟು ಬಿದ್ದದ್ದು ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಗೆ. ಇಂಗ್ಲೆಂಡಿನ 236 ಆಸ್ಪತ್ರೆ ಟ್ರಸ್ಟ್‌ಗಳ ಪೈಕಿ ಕನಿಷ್ಠ 80ಕ್ಕೆ ತೊಂದರೆಯಾಯಿತು. ಸುಮಾರು 19,000 ರೋಗಿಗಳ ಭೇಟಿ ಮತ್ತು ಶಸ್ತ್ರಚಿಕಿತ್ಸೆಗಳು ರದ್ದಾಗಿರಬಹುದೆಂದು ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಅಂದಾಜು ಮಾಡಿತು. ಐದು ಆಸ್ಪತ್ರೆಗಳ ತುರ್ತು ವಿಭಾಗಗಳು ರೋಗಿಗಳನ್ನು ಬೇರೆಡೆಗೆ ಕಳುಹಿಸಬೇಕಾಯಿತು. ಈ ಅಪ್‌ಡೇಟ್ ಹಾಕಿಕೊಳ್ಳಿ ಎಂದು ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಅವರಿಗೆ ಎಚ್ಚರಿಕೆ ಹೋಗಿತ್ತು. ನಮ್ಮ ಪಕ್ಕದಲ್ಲೇ ಆಂಧ್ರಪ್ರದೇಶದ ಪೊಲೀಸ್ ಇಲಾಖೆಯ ಕಂಪ್ಯೂಟರ್‌ಗಳಿಗೂ ಕೇರಳದ ಕೆಲವು ಗ್ರಾಮ ಪಂಚಾಯಿತಿ ಕಚೇರಿಗಳಿಗೂ ಈ ಪಿಡುಗು ತಗುಲಿತ್ತು.

'ನನ್ನ ಕಂಪ್ಯೂಟರಿನಲ್ಲಿ ಕದಿಯೋದಕ್ಕೆ ಏನಿದೆ?' ಎನ್ನುವವರಿಗೆ ಆ ಪಂಚಾಯಿತಿ ಕಚೇರಿಗಳೇ ಉತ್ತರ. ವನ್ನಾಕ್ರೈ ಯಾರನ್ನೂ ಹೆಸರು ಹಿಡಿದು ಹುಡುಕಿಕೊಂಡು ಬಂದಿರಲಿಲ್ಲ. ಬಾಗಿಲು ತೆರೆದಿತ್ತು, ಹೊಕ್ಕಿತು, ಅಷ್ಟೇ. ಇನ್ನು ಕದಿಯಲು ಏನೂ ಇಲ್ಲವೆನ್ನುವುದೂ ಅಷ್ಟು ನಿಜವಲ್ಲ. ಬ್ರೌಸರ್‌ನಲ್ಲಿ ಉಳಿಸಿಟ್ಟ ಪಾಸ್‌ವರ್ಡ್‌ಗಳು, ಆಧಾರ್ ಮತ್ತು ಪ್ಯಾನ್ ಕಾರ್ಡಿನ ಸ್ಕ್ಯಾನ್ ಪ್ರತಿಗಳು, ಹತ್ತು ವರ್ಷಗಳ ಫೋಟೋಗಳು ಯಾರ ಮನೆಯ ಕಂಪ್ಯೂಟರಿನಲ್ಲಿಲ್ಲ?

ವಿಚಿತ್ರವೆಂದರೆ ಇಷ್ಟೆಲ್ಲ ಸುದ್ದಿಯಾದ ಮೇಲೂ ಮುಂದೂಡಿದವರಿದ್ದರು. ಅದೇ ವರ್ಷ ಜೂನ್ 27ರಂದು, ಅಂದರೆ ಅಪ್‌ಡೇಟ್ ಬಂದು 105 ದಿನಗಳ ಮೇಲೆ, 'ನಾಟ್‌ಪೆಟ್ಯ' ಎಂಬ ಇನ್ನೊಂದು ಕುತಂತ್ರಾಂಶ ಅದೇ ಕನ್ನವನ್ನೂ ಬಳಸಿಕೊಂಡು ಹರಡಿತು. ಮುಂಬೈ ಬಳಿಯ ಜವಾಹರಲಾಲ್ ನೆಹರು ಬಂದರಿನ ಒಂದು ಟರ್ಮಿನಲ್‌ನ ಕೆಲಸವೂ ಆಗ ಅಸ್ತವ್ಯಸ್ತವಾಯಿತು.

ಒಂದು ವಿಷಯವನ್ನು ಪ್ರಾಮಾಣಿಕವಾಗಿ ಹೇಳಬೇಕು. ವನ್ನಾಕ್ರೈನಂತಹ ದಾಳಿ ಮನೆಗಳಿಗಿಂತ ಕಚೇರಿಗಳನ್ನೇ ಹೆಚ್ಚು ಕಾಡಿತು. ಮನೆಯ ವೈಫೈ ರೌಟರ್ ಹೊರಗಿನಿಂದ ನೇರವಾಗಿ ಬರುವ ಇಂತಹ ಸಂಪರ್ಕಗಳನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಮನೆಯ ಕಂಪ್ಯೂಟರಿಗೆ ಹೆಚ್ಚಿನ ಅಪಾಯ ಬರುವುದು ನಾವೇ ಒಳಗೆ ಕರೆದುಕೊಳ್ಳುವ ಜಾಲತಾಣ, ಇಮೇಲ್, ಕಡತಗಳ ಮೂಲಕ. 2022ರ ಮೇ ತಿಂಗಳಲ್ಲಿ ಬೆಳಕಿಗೆ ಬಂದ 'ಫೊಲಿನಾ' ಎಂಬ ದೋಷ ಇದಕ್ಕೆ ಉದಾಹರಣೆ. ವಿಶೇಷವಾಗಿ ತಯಾರಿಸಿದ ವರ್ಡ್ ಕಡತವೊಂದನ್ನು ತೆರೆದರೆ ಸಾಕು, ವಿಂಡೋಸ್‌ನ ಒಂದು ಸಹಾಯಕ ತಂತ್ರಾಂಶದ ಮೂಲಕ ದಾಳಿಕೋರರ ಆದೇಶ ನಡೆದುಹೋಗುತ್ತಿತ್ತು. ಅದಕ್ಕೆ ಪರಿಹಾರ ಬಂದದ್ದು ಜೂನ್ 14ರ ಅಪ್‌ಡೇಟ್‌ನಲ್ಲಿ.

ನಿಧಾನವಾಗುತ್ತದೆ, ಕೆಡುತ್ತದೆ ಎನ್ನುವ ಮಾತು

ಇದು ಪೂರ್ತಿ ಸುಳ್ಳಲ್ಲ. ಪೂರ್ತಿ ಸುಳ್ಳಾಗಿದ್ದರೆ ಇಷ್ಟು ಕಾಲ ಬಾಳುತ್ತಲೂ ಇರಲಿಲ್ಲ.

2018ರ ಜನವರಿಯಲ್ಲಿ 'ಮೆಲ್ಟ್‌ಡೌನ್' ಮತ್ತು 'ಸ್ಪೆಕ್ಟರ್' ಎಂಬ ದೋಷಗಳು ಬಹಿರಂಗವಾದವು. ಇವು ಪ್ರಾಸೆಸರ್‌ನಲ್ಲೇ ಇದ್ದ ದೋಷಗಳು. ವೇಗ ಹೆಚ್ಚಿಸಲೆಂದು ಮುಂದಿನ ಕೆಲಸವನ್ನು ಊಹಿಸಿ ಮಾಡಿಟ್ಟುಕೊಳ್ಳುವ ಅದರ ಜಾಣತನವೇ ಇಲ್ಲಿ ತೊಂದರೆ ಕೊಟ್ಟಿತ್ತು. ಹಾಗಾಗಿ ಅದನ್ನು ತಡೆಯುವ ಅಪ್‌ಡೇಟ್‌ಗಳು ಹಳೆಯ ಕಂಪ್ಯೂಟರ್‌ಗಳನ್ನು ನಿಜಕ್ಕೂ ಸ್ವಲ್ಪ ನಿಧಾನಗೊಳಿಸಿದವು. ಎಎಂಡಿ ಪ್ರಾಸೆಸರ್ ಇದ್ದ ಕೆಲವು ಹಳೆಯ ಕಂಪ್ಯೂಟರ್‌ಗಳಂತೂ ಆ ಅಪ್‌ಡೇಟ್ ನಂತರ ಆನ್ ಆಗದೆ, ಮೈಕ್ರೋಸಾಫ್ಟ್ ಅವುಗಳಿಗೆ ಅದನ್ನು ಕಳುಹಿಸುವುದನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂದ ವಿಂಡೋಸ್ 10ರ ಹೊಸ ಆವೃತ್ತಿ ಕೆಲವರ ಕಡತಗಳನ್ನೇ ಅಳಿಸಿಹಾಕಿದ್ದರಿಂದ ಅದನ್ನೂ ವಾಪಸ್ ಪಡೆಯಲಾಯಿತು. ಹಳೆಯ ಬ್ಯಾಟರಿ ಇರುವ ಐಫೋನ್‌ಗಳ ವೇಗವನ್ನು ಅಪ್‌ಡೇಟ್ ಮೂಲಕ ತಗ್ಗಿಸಿದ್ದಾಗಿ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಂಡಿತ್ತು. ಫೋನು ಬೇರೆ, ಕಂಪ್ಯೂಟರ್ ಬೇರೆ. ಆದರೂ ಜನರ ಅನುಮಾನಕ್ಕೆ ಅದು ನೀರೆರೆಯಿತು.

ಆದರೆ ಅನೇಕ ಸಲ ನಾವು 'ನಿಧಾನ' ಎನ್ನುವುದು ಅಪ್‌ಡೇಟ್ ಹಾಕಿದ ಮೊದಲ ಒಂದೆರಡು ಗಂಟೆಗಳ ಅನುಭವ. ಆಗ ಹಿನ್ನೆಲೆಯಲ್ಲಿ ಹಳೆಯ ಕಡತಗಳನ್ನು ಜೋಡಿಸುವ, ಹುಡುಕಾಟದ ಪಟ್ಟಿ ಸಿದ್ಧಪಡಿಸುವ ಕೆಲಸಗಳು ನಡೆಯುತ್ತಿರುತ್ತವೆ. ಸಾಮಾನ್ಯ ಹಾರ್ಡ್‌ಡಿಸ್ಕ್ ಇರುವ ಹಳೆಯ ಯಂತ್ರದಲ್ಲಿ ಇದು ಎದ್ದು ಕಾಣುತ್ತದೆ. ಮರುದಿನವೂ ಹಾಗೆಯೇ ಇದ್ದರೆ ಆಗ ಚಿಂತಿಸಿದರಾಯಿತು.

2024ರ ಜುಲೈ 19ರಂದು ಜಗತ್ತಿನಾದ್ಯಂತ ವಿಮಾನಗಳು ನಿಂತು, ನಮ್ಮ ದೇಶದ ನಿಲ್ದಾಣಗಳಲ್ಲೂ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟಿದ್ದು ನೆನಪಿರಬಹುದು. 'ವಿಂಡೋಸ್ ಅಪ್‌ಡೇಟ್ ಮಾಡಿದ್ದೇ ಕಾರಣ' ಎಂಬ ವಾಟ್ಸ್ಆ್ಯಪ್ ಸಂದೇಶಗಳು ಆಗ ಎಲ್ಲೆಡೆ ಓಡಾಡಿದವು. ನಿಜದಲ್ಲಿ ತಪ್ಪಾಗಿದ್ದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಂಸ್ಥೆ ಕಚೇರಿಗಳಿಗೆಂದು ಮಾರುವ ತಂತ್ರಾಂಶದ ಕಡತವೊಂದರಲ್ಲಿ. ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿದವು ನಿಜ, ಆದರೆ ಆ ತಂತ್ರಾಂಶ ಇಲ್ಲದ ಮನೆಯ ಕಂಪ್ಯೂಟರ್‌ಗಳಿಗೆ ಏನೂ ಆಗಲಿಲ್ಲ.

ಇನ್ನು 'ಅಪ್‌ಡೇಟ್ ಹೆಸರಿನಲ್ಲಿ ವೈರಸ್ಸೇ ಬಂದರೆ?' ಎಂಬ ಪ್ರಶ್ನೆ. ಕಾರ್ಯಾಚರಣ ವ್ಯವಸ್ಥೆಯ ಪ್ರತಿ ಅಪ್‌ಡೇಟ್‌ಗೂ ಅದರ ತಯಾರಕರ ಡಿಜಿಟಲ್ ಸಹಿ ಇರುತ್ತದೆ. ದಾರಿಯಲ್ಲಿ ಒಂದು ಅಕ್ಷರ ಬದಲಾದರೂ ಸಹಿ ಹೊಂದುವುದಿಲ್ಲ, ಕಂಪ್ಯೂಟರ್ ಅದನ್ನು ತಿರಸ್ಕರಿಸುತ್ತದೆ. ಇದನ್ನೂ ಭೇದಿಸಿದ ಉದಾಹರಣೆ ಇಲ್ಲವೆಂದಲ್ಲ. 2012ರಲ್ಲಿ ಪತ್ತೆಯಾದ 'ಫ್ಲೇಮ್' ಎಂಬ ಗೂಢಚಾರಿ ತಂತ್ರಾಂಶ ಮೈಕ್ರೋಸಾಫ್ಟ್‌ನ ಸಹಿಯನ್ನೇ ನಕಲು ಮಾಡಿ, ವಿಂಡೋಸ್ ಅಪ್‌ಡೇಟ್‌ನ ವೇಷದಲ್ಲಿ ಮಧ್ಯಪ್ರಾಚ್ಯದ ಕಂಪ್ಯೂಟರ್‌ಗಳಿಗೆ ಹರಡಿತ್ತು. ಆ ಸಹಿಗೆ ಬಳಸಿದ್ದ ಹಳೆಯ ಗಣಿತ ವಿಧಾನ ದುರ್ಬಲವಾಗಿದ್ದುದು ಅದಕ್ಕೆ ಕಾರಣ. ವಿಷಯ ತಿಳಿದ ಕೂಡಲೇ ಮೈಕ್ರೋಸಾಫ್ಟ್ ಆ ಪ್ರಮಾಣಪತ್ರಗಳನ್ನು ರದ್ದುಗೊಳಿಸಿತು. ಹೇಗೆ ಅಂತೀರಾ? ಒಂದು ಅಪ್‌ಡೇಟ್ ಮೂಲಕ!

ಅಷ್ಟು ದೊಡ್ಡ ಸಾಹಸದ ಅಗತ್ಯವಿಲ್ಲದೆ ನಮ್ಮನ್ನು ಮೋಸಗೊಳಿಸುವವರೇ ಹೆಚ್ಚು. ಯಾವುದೋ ಜಾಲತಾಣ ನೋಡುತ್ತಿರುವಾಗ 'ನಿಮ್ಮ ವಿಂಡೋಸ್ ಹಳೆಯದಾಗಿದೆ, ಇಲ್ಲಿ ಕ್ಲಿಕ್ ಮಾಡಿ' ಎಂದು ಪರದೆ ತುಂಬ ಸಂದೇಶ ಬಂದರೆ ಅದು ಸುಳ್ಳು. ನಿಜವಾದ ಅಪ್‌ಡೇಟ್ ಸೆಟ್ಟಿಂಗ್ಸ್‌ನ ಒಳಗೆ ಸಿಗುತ್ತದೆ, ಬ್ರೌಸರಿನೊಳಗಲ್ಲ. ಎಚ್ಚರಿಕೆಯ ಜೊತೆ ಫೋನ್ ನಂಬರ್ ಕಂಡರೆ ಅದಂತೂ ಖಚಿತವಾಗಿ ಮೋಸ. ಮೈಕ್ರೋಸಾಫ್ಟ್ ತನ್ನ ದೋಷ ಸಂದೇಶಗಳಲ್ಲಿ ಫೋನ್ ನಂಬರ್ ಕೊಡುವುದಿಲ್ಲ, ತಾನಾಗಿ ಕರೆಯನ್ನೂ ಮಾಡುವುದಿಲ್ಲ. ಇಂತಹ ಕರೆಯನ್ನು ನಂಬಿ ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆ ದೂರಿಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ.

ಪತ್ರಿಕೆಗಳಲ್ಲಿ ಆಗಾಗ ಕಾಣುವ 'ವಿಂಡೋಸ್ ಬಳಕೆದಾರರಿಗೆ ಕೇಂದ್ರ ಸರ್ಕಾರದ ಗಂಭೀರ ಎಚ್ಚರಿಕೆ' ಎಂಬ ತಲೆಬರಹಕ್ಕೂ ಗಾಬರಿಯಾಗಬೇಕಿಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ ಹೊಸ ದೋಷಗಳ ಬಗ್ಗೆ ನಿಯಮಿತವಾಗಿ ಸೂಚನೆ ಹೊರಡಿಸುತ್ತದೆ. ಅದು ಅದರ ದಿನನಿತ್ಯದ ಕೆಲಸ. ಆ ಸೂಚನೆಯ ಕೊನೆಯಲ್ಲಿ ಪರಿಹಾರ ಎಂದು ಬರೆದಿರುವುದು ಬಹುತೇಕ ಒಂದೇ: ತಯಾರಕರು ಕೊಟ್ಟ ಅಪ್‌ಡೇಟ್ ಹಾಕಿಕೊಳ್ಳಿ.

ಹಾಗಾದರೆ ಹೇಗೆ ನಿಭಾಯಿಸಬೇಕು?

ಮೊದಲು ಎರಡು ಬಗೆಯ ಅಪ್‌ಡೇಟ್‌ಗಳನ್ನು ಬೇರೆ ಮಾಡಿ ನೋಡಬೇಕು. ಗೊಂದಲದ ಬಹುಪಾಲು ಇಲ್ಲೇ ಇದೆ. ಪ್ರತಿ ತಿಂಗಳು ಬರುವ ಭದ್ರತಾ ಅಪ್‌ಡೇಟ್ ಒಂದು. ವರ್ಷಕ್ಕೊಮ್ಮೆ ಬರುವ ಹೊಸ ಆವೃತ್ತಿ ಇನ್ನೊಂದು. ಕಡತ ಅಳಿಸಿದ 2018ರ ಪ್ರಕರಣ ಎರಡನೆಯ ಬಗೆಯದು. ಮೊದಲನೆಯದನ್ನು ಬಂದ ವಾರದೊಳಗೆ ಹಾಕಿಕೊಳ್ಳಿ, ಎರಡನೆಯದಕ್ಕೆ ಒಂದೆರಡು ತಿಂಗಳು ಕಾದರೂ ನಷ್ಟವಿಲ್ಲ ಎನ್ನುವುದು ನಮ್ಮ ಸಲಹೆ. ಕಾಯುವುದಕ್ಕೂ ಮಿತಿಯಿದೆ, ಏಕೆಂದರೆ ವಿಂಡೋಸ್ 11ರ ಹೋಮ್ ಆವೃತ್ತಿಗಳಿಗೆ ಬಿಡುಗಡೆಯಾದ 24 ತಿಂಗಳವರೆಗೆ ಮಾತ್ರ ಭದ್ರತಾ ಅಪ್‌ಡೇಟ್ ಸಿಗುತ್ತದೆ. 'ನುಡಿ', 'ಬರಹ'ದಂತಹ ತಂತ್ರಾಂಶ ಬಳಸುವವರು ಹೊಸ ಆವೃತ್ತಿಗೆ ಹೋಗುವ ಮೊದಲು ಅವುಗಳ ಇತ್ತೀಚಿನ ರೂಪ ಇದೆಯೇ ಎಂದು ನೋಡಿಕೊಂಡರೆ ಒಳ್ಳೆಯದು. ತಿಂಗಳ ಭದ್ರತಾ ಅಪ್‌ಡೇಟ್‌ಗೆ ಆ ಚಿಂತೆ ಬೇಕಿಲ್ಲ.

ಕೆಲವೊಮ್ಮೆ ಮಂಗಳವಾರಕ್ಕೆ ಕಾಯದೆ ತುರ್ತು ಅಪ್‌ಡೇಟ್ ಬರುತ್ತದೆ. ಪ್ರಿಂಟರ್ ವ್ಯವಸ್ಥೆಯಲ್ಲಿದ್ದ 'ಪ್ರಿಂಟ್‌ನೈಟ್‌ಮೇರ್' ಎಂಬ ದೋಷಕ್ಕೆ 2021ರ ಜುಲೈ 6ರಂದು ಹಾಗೆ ಬಂದಿತ್ತು. ಅಂಥದ್ದನ್ನು ಅಂದೇ ಹಾಕಿಕೊಳ್ಳಬೇಕು. ದಾಳಿ ಆಗಲೇ ನಡೆಯುತ್ತಿದೆ ಅಥವಾ ಅದರ ವಿಧಾನ ಬಹಿರಂಗವಾಗಿದೆ ಎಂಬುದೇ ಸಾಮಾನ್ಯವಾಗಿ ಆ ಅವಸರಕ್ಕೆ ಕಾರಣ.

ಸೆಟ್ಟಿಂಗ್ಸ್‌ನಲ್ಲಿ 'ವಿಂಡೋಸ್ ಅಪ್‌ಡೇಟ್' ತೆರೆದರೆ 'ಆಕ್ಟಿವ್ ಅವರ್ಸ್' ಎಂಬ ಆಯ್ಕೆ ಇದೆ. ನೀವು ಕೆಲಸ ಮಾಡುವ ಸಮಯವನ್ನು ಅಲ್ಲಿ ಹೇಳಿಟ್ಟರೆ ಆ ಹೊತ್ತಿನಲ್ಲಿ ಕಂಪ್ಯೂಟರ್ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. ಪರೀಕ್ಷೆ, ಪ್ರಯಾಣದಂತಹ ಸಂದರ್ಭಕ್ಕೆ ಕೆಲವು ವಾರ 'ಪಾಸ್' ಮಾಡುವ ಅವಕಾಶವೂ ಅಲ್ಲೇ ಇದೆ. 'ಆಪ್ಶನಲ್' ಎಂದು ತೋರಿಸುವ ಅಪ್‌ಡೇಟ್‌ಗಳನ್ನು, ಅದರಲ್ಲೂ ಡ್ರೈವರ್‌ಗಳನ್ನು, ಕಂಪ್ಯೂಟರ್ ಸರಿಯಾಗಿ ನಡೆಯುತ್ತಿದ್ದರೆ ಮುಟ್ಟಬೇಕಿಲ್ಲ.

ಡೇಟಾ ಬಗ್ಗೆ ಒಂದು ಮಾತು. ತಿಂಗಳ ಅಪ್‌ಡೇಟ್ ಕೆಲವು ನೂರು ಎಂಬಿಗಳಷ್ಟು, ಕೆಲವೊಮ್ಮೆ ಅದಕ್ಕಿಂತ ಬಹಳ ದೊಡ್ಡದೂ ಇರುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ಬಳಸುವ ಅನೇಕರು ಡೇಟಾ ಉಳಿಸಲು ಅದನ್ನು 'ಮೀಟರ್ಡ್ ಕನೆಕ್ಷನ್' ಎಂದು ಗುರುತು ಮಾಡಿಟ್ಟಿರುತ್ತಾರೆ. ಆಗ ಹೆಚ್ಚಿನ ಅಪ್‌ಡೇಟ್‌ಗಳು ತಾವಾಗಿ ಇಳಿಯುವುದಿಲ್ಲ. ಮನೆಯಲ್ಲಿ ಬೇರೆ ಸಂಪರ್ಕವೇ ಇಲ್ಲದಿದ್ದರೆ ಆ ಕಂಪ್ಯೂಟರ್ ಬಹುಕಾಲ ತೇಪೆ ಇಲ್ಲದೆ ಉಳಿದುಬಿಡಬಹುದು. ಅಂಥವರು ತಿಂಗಳಿಗೊಮ್ಮೆ, ಎರಡನೆಯ ವಾರ ಕಳೆದ ಮೇಲೆ, ಡೇಟಾ ಉಳಿದಿರುವ ದಿನ ತಾವೇ 'ಡೌನ್‌ಲೋಡ್' ಒತ್ತಬೇಕು. ಕ್ಯಾಲೆಂಡರಿನಲ್ಲಿ ಗುರುತು ಹಾಕಿಟ್ಟುಕೊಂಡರೂ ಆದೀತು.

ಇಳಿದರೆ ಸಾಲದು, ರೀಸ್ಟಾರ್ಟ್ ಆಗಬೇಕು. ಕಂಪ್ಯೂಟರ್ ನಡೆಯುತ್ತಿರುವಾಗ ಬಳಕೆಯಲ್ಲಿರುವ ಕಡತಗಳನ್ನು ಬದಲಿಸಲಾಗದು. ಓಡುತ್ತಿರುವ ಬಸ್ಸಿನ ಚಕ್ರ ಬದಲಿಸಲಾಗದಲ್ಲ, ಹಾಗೆ. 'ನಾನು ದಿನಾ ರಾತ್ರಿ ಶಟ್‌ಡೌನ್ ಮಾಡುತ್ತೇನಲ್ಲ' ಎನ್ನುವವರು ಗಮನಿಸಬೇಕಾದ ಸೂಕ್ಷ್ಮವೊಂದಿದೆ. ವಿಂಡೋಸ್ 10 ಮತ್ತು 11ರ ಅನೇಕ ಕಂಪ್ಯೂಟರ್‌ಗಳಲ್ಲಿ 'ಫಾಸ್ಟ್ ಸ್ಟಾರ್ಟಪ್' ಎಂಬ ಸೌಲಭ್ಯ ಮೊದಲೇ ಚಾಲೂ ಇರುತ್ತದೆ. ಬೇಗ ಆನ್ ಆಗಲೆಂದು ಅದು ಶಟ್‌ಡೌನ್ ಸಮಯದಲ್ಲಿ ವ್ಯವಸ್ಥೆಯ ಒಳಭಾಗವನ್ನು ಪೂರ್ತಿ ಮುಚ್ಚದೆ, ಇದ್ದ ಸ್ಥಿತಿಯಲ್ಲೇ ಡಿಸ್ಕ್‌ನಲ್ಲಿ ಉಳಿಸಿಡುತ್ತದೆ. ಹಾಗಾಗಿ ಕೆಲವು ಅಪ್‌ಡೇಟ್‌ಗಳು ಬರಿಯ ಶಟ್‌ಡೌನ್‌ನಿಂದ ಪೂರ್ಣವಾಗುವುದಿಲ್ಲ. 'ರೀಸ್ಟಾರ್ಟ್' ಅಥವಾ 'ಅಪ್‌ಡೇಟ್ ಅಂಡ್ ಶಟ್‌ಡೌನ್' ಎಂದೇ ಒತ್ತಬೇಕು. ಟಾಸ್ಕ್ ಮ್ಯಾನೇಜರ್‌ನ 'ಪರ್ಫಾರ್ಮೆನ್ಸ್' ಪುಟದಲ್ಲಿ 'ಅಪ್ ಟೈಮ್' ಎಷ್ಟಿದೆ ನೋಡಿ. ದಿನಾ ಆಫ್ ಮಾಡುವ ಕಂಪ್ಯೂಟರಿನಲ್ಲೂ ಹತ್ತಾರು ದಿನ ಎಂದು ತೋರಿಸಿದರೆ ಕಾರಣ ಇದೇ.

ಅಪ್‌ಡೇಟ್ ನಡುವೆ ಕರೆಂಟ್ ಹೋದರೆ? ಅರ್ಧವಾದ ಬದಲಾವಣೆಗಳನ್ನು ಹಿಂದಕ್ಕೆ ತೆಗೆದುಕೊಂಡು ಹಳೆಯ ಸ್ಥಿತಿಗೆ ಮರಳಲು ವಿಂಡೋಸ್ ಪ್ರಯತ್ನಿಸುತ್ತದೆ, ಸಾಮಾನ್ಯವಾಗಿ ಯಶಸ್ವಿಯೂ ಆಗುತ್ತದೆ. ಆದರೂ ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್ ಆಗಿದ್ದರೆ ಗುಡುಗು ಸಿಡಿಲಿನ ಸಂಜೆ ಈ ಕೆಲಸಕ್ಕೆ ಕೈಹಾಕಬೇಡಿ. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಸಿಕ್ಕಿಸಿಯೇ ಇಡಿ. 'ಇಷ್ಟು ಹೊತ್ತಾದರೂ ಮುಗಿದಿಲ್ಲ' ಎಂದು ಪವರ್ ಬಟನ್ ಒತ್ತಿಹಿಡಿಯುವುದು ಕರೆಂಟ್ ಹೋದದ್ದಕ್ಕೆ ಸಮ.

ಇನ್ನೊಂದು ಮುಖ್ಯ ತಯಾರಿ ಬಿಟ್‌ಲಾಕರ್ ಕೀಲಿಯದು. ಈಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್‌ನ ಮಾಹಿತಿ ತಾನಾಗಿ ಗೂಢಲಿಪೀಕರಣವಾಗಿರುತ್ತದೆ, ಮಾಲೀಕರಿಗೆ ಅದು ಗೊತ್ತೂ ಇರುವುದಿಲ್ಲ. 2024ರ ಜುಲೈ ಅಪ್‌ಡೇಟ್ ನಂತರ ಕೆಲವು ಕಂಪ್ಯೂಟರ್‌ಗಳು ಆನ್ ಆಗುವಾಗ 48 ಅಂಕಿಗಳ 'ರಿಕವರಿ ಕೀ' ಕೇಳತೊಡಗಿದವು. ಕೀಲಿ ಸಿಗದಿದ್ದರೆ ಕಡತಗಳೂ ಸಿಗುವುದಿಲ್ಲ. ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಅದು ಉಳಿದಿದೆಯೇ ಎಂದು ಈಗಲೇ ನೋಡಿ, ಒಂದು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಡಿ. ಫೋಟೋ ಮತ್ತು ದಾಖಲೆಗಳ ಇನ್ನೊಂದು ಪ್ರತಿ ಬೇರೆ ಹಾರ್ಡ್‌ಡಿಸ್ಕ್‌ನಲ್ಲಿರಲಿ. ಅಪ್‌ಡೇಟ್ ಕೆಟ್ಟರೂ, ವನ್ನಾಕ್ರೈನಂಥದ್ದು ಬಂದರೂ, ಡಿಸ್ಕ್ ಸತ್ತರೂ ನೆರವಾಗುವುದು ಆ ಪ್ರತಿಯೇ.

ಅಪ್‌ಡೇಟ್‌ನಿಂದ ನಿಜಕ್ಕೂ ತೊಂದರೆಯಾದರೆ 'ಅಪ್‌ಡೇಟ್ ಹಿಸ್ಟರಿ' ಪುಟದಿಂದ ಅದೊಂದನ್ನೇ ತೆಗೆದುಹಾಕಬಹುದು. ಹೊಸ ಆವೃತ್ತಿಯಾದರೆ ಸಾಮಾನ್ಯವಾಗಿ 10 ದಿನಗಳೊಳಗೆ ಹಿಂದಿನದಕ್ಕೆ ಮರಳಬಹುದು.

ಕಾರ್ಯಾಚರಣ ವ್ಯವಸ್ಥೆಯ ಅಪ್‌ಡೇಟ್ ಅದರ ಮೇಲೆ ನಾವು ಹಾಕಿಕೊಂಡ ಎಲ್ಲ ತಂತ್ರಾಂಶಗಳನ್ನೂ ಸರಿಪಡಿಸುವುದಿಲ್ಲ ಎಂಬುದೂ ನೆನಪಿರಲಿ. ವಿನ್‌ರಾರ್ ಇಲ್ಲದ ಕಂಪ್ಯೂಟರ್ ನಮ್ಮಲ್ಲಿ ಅಪರೂಪ. ಅದರಲ್ಲಿದ್ದ ಗಂಭೀರ ದೋಷವೊಂದು 2023ರ ಆಗಸ್ಟ್‌ನ 6.23ನೇ ಆವೃತ್ತಿಯಲ್ಲಿ ಸರಿಯಾಯಿತು. ಆದರೆ ಅದಕ್ಕೆ ತಾನಾಗಿ ಅಪ್‌ಡೇಟ್ ಆಗುವ ವ್ಯವಸ್ಥೆ ಇರಲಿಲ್ಲ. ಹಾಗಾಗಿ ಅದಾಗಿ ತಿಂಗಳುಗಳ ನಂತರವೂ ಆ ದೋಷ ದಾಳಿಗೆ ಬಳಕೆಯಾಗುತ್ತಿತ್ತು.

ಹಳೆಯ ಕಂಪ್ಯೂಟರ್ ಇಟ್ಟುಕೊಂಡವರಿಗೆ

ವಿಂಡೋಸ್ 7ರ ಭದ್ರತಾ ಅಪ್‌ಡೇಟ್‌ಗಳು 2020ರ ಜನವರಿ 14ಕ್ಕೇ ನಿಂತಿವೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗೆಂದು ಆ ಕಂಪ್ಯೂಟರ್‌ಗಳು ಮರುದಿನ ನಿಂತುಹೋಗಲಿಲ್ಲ. ಸಮಸ್ಯೆಯೇ ಅದು: ಏನೂ ಆಗಿಲ್ಲವೆಂಬಂತೆ ನಡೆಯುತ್ತಲೇ ಇರುತ್ತವೆ. ಆದರೆ ವಿಂಡೋಸ್ 11ರಲ್ಲಿ ಪತ್ತೆಯಾಗುವ ದೋಷಗಳಲ್ಲಿ ಕೆಲವು ವಿಂಡೋಸ್ 10ರಲ್ಲೂ ಇರುತ್ತವೆ. ಅಲ್ಲಿಗೆ ತೇಪೆ ಬಂದಾಗಲೆಲ್ಲ ಇಲ್ಲಿಯ ಕನ್ನ ಎಲ್ಲಿದೆಯೆಂದು ಸುಳಿವು ಸಿಗುತ್ತದೆ, ಮುಚ್ಚುವವರು ಮಾತ್ರ ಇರುವುದಿಲ್ಲ.

ವಿಂಡೋಸ್ 10ರ 22ಎಚ್2 ಆವೃತ್ತಿ ಬಳಸುವ ಮನೆಬಳಕೆದಾರರಿಗೆ ಇನ್ನೊಂದು ವರ್ಷ ಭದ್ರತಾ ಅಪ್‌ಡೇಟ್ ಕೊಡುವುದಾಗಿ ಮೈಕ್ರೋಸಾಫ್ಟ್ ಹೇಳಿತು. ಆಗ ಘೋಷಿಸಿದ ಅವಧಿ 2026ರ ಅಕ್ಟೋಬರ್ 13ರವರೆಗೆ. ಮೈಕ್ರೋಸಾಫ್ಟ್ ಖಾತೆಯ ಮೂಲಕ ಲಾಗಿನ್ ಆಗಿ ಸೆಟ್ಟಿಂಗ್ಸ್‌ಗಳ ಬ್ಯಾಕಪ್‌ಗೆ ಒಪ್ಪಿದರೆ ಇದಕ್ಕೆ ಹಣ ಕೊಡಬೇಕಿಲ್ಲ. ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ನೋಂದಾಯಿಸಿಕೊಳ್ಳುವ ಕೊಂಡಿ ಇರುತ್ತದೆ.

ವಿಂಡೋಸ್ 11ಕ್ಕೆ ಹೋಗೋಣವೆಂದರೆ ಕನಿಷ್ಠ 4 ಜಿಬಿ ರ‍್ಯಾಮ್, ಟಿಪಿಎಂ 2.0 ಚಿಪ್, ಇಂಟೆಲ್ ಆದರೆ ಹೆಚ್ಚೂಕಡಿಮೆ ಎಂಟನೇ ಪೀಳಿಗೆಯ ನಂತರದ ಪ್ರಾಸೆಸರ್ ಬೇಕು. ಇವಿಲ್ಲದ ಯಂತ್ರವನ್ನು ಗುಜರಿಗೆ ಹಾಕಬೇಕೆಂದಿಲ್ಲ. ಉಬುಂಟುವಿನಂತಹ ಲಿನಕ್ಸ್ ಆವೃತ್ತಿಗಳು ಉಚಿತ. ಅದರ ದೀರ್ಘಾವಧಿ ಆವೃತ್ತಿಗಳಿಗೆ ಐದು ವರ್ಷ ಭದ್ರತಾ ಅಪ್‌ಡೇಟ್ ಸಿಗುತ್ತದೆ, ಕನ್ನಡ ಟೈಪಿಂಗೂ ಸಾಧ್ಯ. ಬ್ರೌಸರ್, ಪತ್ರ ಬರೆಯುವುದು, ಸಿನಿಮಾ ನೋಡುವುದು ಇಷ್ಟೇ ಕೆಲಸವಾದರೆ ಒಂದು ವಾರದಲ್ಲಿ ಕೈಗೆ ಒಗ್ಗುತ್ತದೆ. ನಿರ್ದಿಷ್ಟ ಅಕೌಂಟಿಂಗ್ ತಂತ್ರಾಂಶವೋ ಹಳೆಯ ಪ್ರಿಂಟರೋ ಇದ್ದರೆ ಮಾತ್ರ ಮೊದಲು ವಿಚಾರಿಸಿಕೊಳ್ಳಬೇಕು. ಪೆನ್‌ಡ್ರೈವ್‌ನಿಂದಲೇ ಚಲಾಯಿಸಿ ನೋಡಿ, ಒಪ್ಪಿಗೆಯಾದ ಮೇಲೆ ಹಾಕಿಕೊಳ್ಳುವ ಅನುಕೂಲವೂ ಇದೆ.

ಎರಡೂ ಬೇಡ, ಹಳೆಯ ವಿಂಡೋಸೇ ಇರಲಿ ಎನ್ನುವುದಾದರೆ ಆ ಕಂಪ್ಯೂಟರಿನ ವೈಫೈ ತೆಗೆದುಬಿಟ್ಟು ಬರೀ ಟೈಪಿಂಗ್‌ಗೆ, ಹಾಡಿಗೆ ಇಟ್ಟುಕೊಳ್ಳಬಹುದು. ಹಾಗೆ ಮಾಡುವ ಮೊದಲು ಅದರ ಬ್ರೌಸರ್‌ನಲ್ಲಿ ಉಳಿಸಿದ್ದ ಪಾಸ್‌ವರ್ಡ್‌ಗಳನ್ನು ಅಳಿಸಿ, ಬ್ಯಾಂಕ್ ಮತ್ತು ಇಮೇಲ್ ಪಾಸ್‌ವರ್ಡ್‌ಗಳನ್ನು ಅಪ್‌ಡೇಟ್ ಆಗಿರುವ ಬೇರೊಂದು ಯಂತ್ರದಿಂದ ಬದಲಿಸಿಕೊಳ್ಳಿ.